ಪಾರಿಯ ಮೂರು ನಿಮಿಷ

ನಮ್ಮದು ಊರೂ ಹೌದು, ದೇಶವೂ ಹೌದು. ಊಟ ಮುಗಿಸಿ ಈ ಕಡೆಯ ಉಪ್ಪಿನ ಬಯಲಿನಿಂದ ಹೊರಟರೆ ಕಾಫಿಯ ಹೊತ್ತಿಗೆ ಆ ಕಡೆಯ ದಕ್ಕೆಗೆ, ದೋಣಿಗಳು ಬಂದು ನಿಲ್ಲುವ ಜಾಗಕ್ಕೆ ಬರುತ್ತೀರಿ. ಅಲ್ಲಿಗೆ ದೇಶ ಮುಗಿಯಿತು. ಆದರೂ ನಮಗೊಬ್ಬ ಅಧ್ಯಕ್ಷರಿದ್ದಾರೆ, ಒಂದು ಬಾವುಟವಿದೆ, ಅಧ್ಯಕ್ಷರ ಮನೆಯಲ್ಲಿ ಒಂದು ಟೆಲಿಫೋನ್ ಇದೆ. ಕಪ್ಪೆಚಿಪ್ಪಿನಿಂದ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಿದೆ. ಸರದಿ ಕಚೇರಿಯಿದೆ, ಅದರಲ್ಲಿ ನಾನಿದ್ದೇನೆ. ಹೆಸರು ವಿಶಾಲಾಕ್ಷಿ. ಇಪ್ಪತ್ತಾರು ವರ್ಷದಿಂದ ಊರಿನವರು ಯಾರು ಯಾವಾಗ ಹಾಡಬೇಕು ಎಂದು ಬರೆದಿಡುವುದೇ ನನ್ನ ಕೆಲಸ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಹೇಳುತ್ತಾರೆ. ಈ ಕುರ್ಚಿಯಲ್ಲಿ ಒಂದು ವಾರ ಕೂತು ನೋಡಲಿ, ಆಮೇಲೆ ಹೇಳಲಿ.

ನಮ್ಮಲ್ಲಿ ಒಂದು ಸಲಕ್ಕೆ ಒಬ್ಬರೇ ಹಾಡಬಹುದು. ಒಬ್ಬರು ಶುರು ಮಾಡಿದರೆಂದರೆ ಅವರು ನಿಲ್ಲಿಸುವ ತನಕ ಊರಿನ ಬೇರೆ ಯಾರ ಗಂಟಲಿನಿಂದಲೂ ಹಾಡು ಹೊರಡುವುದಿಲ್ಲ. ಮಾತು ಬರುತ್ತದೆ, ಬೈಗುಳ ಬರುತ್ತದೆ, ಕೆಮ್ಮು ಬರುತ್ತದೆ. ರಾಗ ಎತ್ತಿದರೆ ಮಾತ್ರ ಬರೀ ಗಾಳಿ. ಅದಕ್ಕೇ ನಮ್ಮವರು ಹಾಡುವ ಮೊದಲು ಸಣ್ಣಗೆ ‘ಹೂಂ’ ಎಂದು ಗಂಟಲು ನೋಡಿಕೊಳ್ಳುತ್ತಾರೆ. ಸ್ವರ ಬಂದರೆ ಸರಿ. ಬರದಿದ್ದರೆ ಎಲ್ಲೋ ಯಾರೋ ಹಾಡುತ್ತಿದ್ದಾರೆಂದು ತಿಳಿದು ಕೈಕಟ್ಟಿಕೊಂಡು ಕಾಯುತ್ತಾರೆ. ಹಡಗಿನ ಕೆಲಸಕ್ಕೆ ಹೋದ ನಮ್ಮವರು ಹೇಳುವ ಪ್ರಕಾರ ಏಳು ಸಮುದ್ರದ ಆಚೆಗೆ ಹೋದರೂ ಇದು ಬಿಡುವುದಿಲ್ಲ. ಪಕ್ಕದಲ್ಲಿ ನಿಂತ ಹೊರಗಿನವರು ಆರಾಮವಾಗಿ ಹಾಡುತ್ತಿರುತ್ತಾರಂತೆ, ನಮ್ಮವನ ಗಂಟಲು ಮಾತ್ರ ಊರಿನಲ್ಲಿ ಯಾರೋ ಎಮ್ಮೆ ತೊಳೆಯುತ್ತ ಹಾಡಿದ್ದಕ್ಕೆ ಕಟ್ಟಿಕೊಂಡಿರುತ್ತದಂತೆ.

ಹೀಗಿರುವಾಗ ಸರದಿ ಇಲ್ಲದೆ ನಡೆಯುತ್ತದೆಯೇ? ಒಂದೊಂದು ಬೀದಿಯ ಕೂಸುಗಳು ಒಂದೊಂದು ಹೊತ್ತಿಗೆ ಮಲಗುತ್ತವೆ, ಯಾಕೆಂದರೆ ಲಾಲಿಯ ಸರದಿ ಹಾಗೆ. ಮದುವೆಗೆ ಪುರೋಹಿತರು ಮುಹೂರ್ತ ಇಡುವ ಮೊದಲು ನನ್ನ ಹತ್ತಿರ ಬಂದು ಆರತಿಯ ಹಾಡಿಗೆ ಯಾವ ದಿನ ಬಿಡುವಿದೆ ಎಂದು ಕೇಳುತ್ತಾರೆ. ಭಜನೆಯಲ್ಲಿ ಒಬ್ಬರು ಹಾಡುತ್ತಾರೆ, ಮಿಕ್ಕವರು ತಾಳ ಹಾಕುತ್ತಾರೆ. ನಮ್ಮ ನಾಡಗೀತೆಯನ್ನು ಒಂದು ಮಗು ಹಾಡುತ್ತದೆ, ದೇಶಕ್ಕೆ ದೇಶವೇ ಎದ್ದು ನಿಂತು ಕೇಳುತ್ತದೆ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಹೋದ ವರ್ಷ ಅಧ್ಯಕ್ಷ ರಂಗಧಾಮಪ್ಪನವರಿಗೆ ಹೊರದೇಶದಿಂದ ಒಂದು ಕಾಗದ ಬಂತು. ಅಂತರರಾಷ್ಟ್ರೀಯ ಮಕ್ಕಳ ಹಾಡಿನ ಸ್ಪರ್ಧೆ, ಒಂದು ದೇಶದಿಂದ ಒಂದು ಮಗು, ಮೂರು ನಿಮಿಷ, ಹಾಡು ತಮ್ಮ ಭಾಷೆಯಲ್ಲೇ ಇರಬೇಕು. ನಮ್ಮ ದೇಶದ ಹೆಸರನ್ನು ಲಕೋಟೆಯ ಮೇಲೆ ಯಾರೋ ಬರೆದಿದ್ದಾರೆ ಎಂಬುದೇ ಅವರಿಗೆ ಸಂಭ್ರಮ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಸುತ್ತಿದರು. ಕಾಗದದ ಜೊತೆ ತುಂಬಬೇಕಾದ ಒಂದು ಅರ್ಜಿಯೂ ಇತ್ತು. ಅದರಲ್ಲಿ ‘ಹಿಂದೆ ನಿಂತು ಜೊತೆಯಲ್ಲಿ ಹಾಡುವವರು ಎಷ್ಟು ಮಂದಿ?’ ಎಂಬ ಪ್ರಶ್ನೆ. ಪಂಚಾಯಿತಿಯವರು ಎರಡು ದಿನ ಕೂತು ಯೋಚಿಸಿ, ಅರ್ಥವಾಗದೆ, ಕೊನೆಗೆ ‘ಕಾಯುವವರು ಎಲ್ಲರೂ’ ಎಂದು ಬರೆದು ಕಳಿಸಿದರು.

ಆರಿಸಿದ್ದು ಪಾರಿಜಾತಳನ್ನು. ಕಾರ್ಖಾನೆಯಲ್ಲಿ ಗುಂಡಿಗೆ ತೂತು ಕೊರೆಯುವ ಚೆನ್ನಿಗನ ಮಗಳು, ಹತ್ತು ವರ್ಷ, ಎಲ್ಲರೂ ಪಾರಿ ಎನ್ನುತ್ತಾರೆ. ಮುಂದಿನ ಎರಡು ಹಲ್ಲು ಆಗಷ್ಟೇ ಬಂದು ಬಾಯಿಗಿಂತ ದೊಡ್ಡದಾಗಿ ಕಾಣುತ್ತಿದ್ದವು. ಸ್ವರ ಮಾತ್ರ ಏನು ಹೇಳಲಿ, ಕೇಳಿದವರಿಗೆ ಮನೆಗೆ ಹೋಗಬೇಕು ಅನ್ನಿಸುತ್ತಿತ್ತು. ಆ ಹುಡುಗಿಗೆ ಆಸೆಯೂ ಅಷ್ಟೇ ಇತ್ತು. ಹೆಸರು ಕೂಗಿದ ದಿನ ಅವಳು ಕುಣಿಯಲಿಲ್ಲ, ನಗಲಿಲ್ಲ, ನೆಟ್ಟಗೆ ನನ್ನ ಕಚೇರಿಗೆ ಬಂದು ದಿನಾ ಅಭ್ಯಾಸಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಕೇಳಿದಳು. ಒಬ್ಬರಿಗೆ ವಾರಕ್ಕೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು ನಮ್ಮಲ್ಲಿ. ಅವಳಿಗೆ ದಿನಕ್ಕೆ ಒಂದು ಗಂಟೆ ಬೇಕಿತ್ತು.

ಕೊಟ್ಟರು ಜನ. ಬಾಯಿಬಿಟ್ಟು ಕೇಳುವ ಮೊದಲೇ ಕೊಟ್ಟರು. ಹದಿನೈದು ವರ್ಷದಿಂದ ಬೆಳಿಗ್ಗೆ ಸ್ನಾನ ಮಾಡುವಾಗ ಹಾಡುತ್ತಿದ್ದ ಕ್ಷೌರದ ತಿಮ್ಮೋಜಿ ತನ್ನ ಸರದಿ ಬಿಟ್ಟುಕೊಟ್ಟು ಮೂಕನಾಗಿ ಮೈ ತಿಕ್ಕಿಕೊಂಡ. ತಾಯಂದಿರು ಲಾಲಿ ಬಿಟ್ಟು ಬರೀ ಬೆನ್ನು ತಟ್ಟಿ ಕೂಸುಗಳನ್ನು ಮಲಗಿಸಿದರು. ಆ ವರ್ಷ ನಡೆದ ನಾಲ್ಕು ಮದುವೆಗಳಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುವ ಅವಕಾಶವೇ ಸಿಗದೆ ಹೆಂಗಸರು ಮಾತಿನಲ್ಲೇ ಬೈದು ಸಮಾಧಾನ ಮಾಡಿಕೊಂಡರು. ಎಂಟು ತಿಂಗಳು ಹೀಗೆ ಕಳೆಯಿತು.

ತೊಂದರೆ ಇದ್ದದ್ದು ನನ್ನ ಮನೆಯಲ್ಲೇ. ನಮ್ಮಮ್ಮ ಸಾವಂತ್ರಮ್ಮನಿಗೆ ಎಂಬತ್ತನಾಲ್ಕು. ನಾಲ್ಕು ವರ್ಷದಿಂದ ನೆನಪು ಒಂದೊಂದಾಗಿ ಬಿಟ್ಟುಹೋಗುತ್ತಿದೆ. ನಾನು ಮಗಳೆಂಬುದು ಕೆಲವು ದಿನ ಗೊತ್ತಿರುತ್ತದೆ, ಕೆಲವು ದಿನ ನನ್ನನ್ನು ‘ನೀವು’ ಎಂದು ಕರೆದು ನೀರು ಕೇಳುತ್ತಾಳೆ. ನಾನೂ ಯಾರೋ ಹೊರಗಿನವಳ ಹಾಗೆ ತಂದುಕೊಡುತ್ತೇನೆ. ಉಳಿದಿರುವುದು ಒಂದೇ, ಅವಳ ಹಾಡು. ಅಮ್ಮ ಕಾರ್ಖಾನೆಯಲ್ಲಿ ನಲವತ್ತು ವರ್ಷ ರಟ್ಟಿಗೆ ಗುಂಡಿ ಹೊಲಿದವಳು. ಒಂದು ರಟ್ಟಿಗೆ ಹನ್ನೆರಡು ಗುಂಡಿ, ಹಾಡಿಗೆ ಹನ್ನೆರಡು ನುಡಿ. ಒಂದು ನುಡಿ ಮುಗಿಯುವುದರೊಳಗೆ ಒಂದು ಗುಂಡಿ ಕೂರಬೇಕು. ಮೊದಲನೆಯದು ಅಪ್ಪನ ಅಂಗಿಗೆ, ಎರಡನೆಯದು ಅಣ್ಣನ ಅಂಗಿಗೆ, ಏಳನೆಯದು ನಾದಿನಿಯ ರವಿಕೆಗೆ, ಹೀಗೆ ಇಡೀ ಸಂಸಾರ ಬರುತ್ತದೆ ಅದರಲ್ಲಿ. ಗಂಟೆ ಹೊಡೆದ ಕೂಡಲೇ ಅಮ್ಮ ಹಾಡಲು ಶುರು ಮಾಡುತ್ತಿದ್ದಳು, ಮೂವತ್ತು ಹೆಂಗಸರು ಅದರ ಲೆಕ್ಕಕ್ಕೆ ಸೂಜಿ ಆಡಿಸುತ್ತಿದ್ದರು. ಈಗ ಅವಳಿಗೆ ಸರದಿಯೂ ಇಲ್ಲ, ಹೊತ್ತೂ ಇಲ್ಲ. ಮನಸ್ಸಿಗೆ ಬಂದಾಗ ಎತ್ತುತ್ತಾಳೆ, ಊರಿನವರಿಗೆಲ್ಲ ಗಂಟಲು ಕಟ್ಟುತ್ತದೆ. ‘ಸಾವಂತ್ರಮ್ಮ ಶುರು ಮಾಡಿದ್ರು’ ಎನ್ನುತ್ತ ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಸರದಿ ಬರೆಯುವವಳ ತಾಯಿಯೇ ಸರದಿ ತಪ್ಪಿಸುವುದೆಂದರೆ ನನಗೆ ಎಂಥ ಅವಮಾನ ನೋಡಿ.

ಸರದಿ ಕಚೇರಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ ಆದ್ದರಿಂದ ಪಾರಿ ಅಭ್ಯಾಸಕ್ಕೆ ಅಲ್ಲಿಗೇ ಬರುತ್ತಿದ್ದಳು. ಅವಳು ಎರಡು ಸಾಲು ಹಾಡುವುದರೊಳಗೆ ಮೂಗು ಒರೆಸಿಕೊಳ್ಳಲು ನಿಲ್ಲಿಸಿದರೆ ಸಾಕು, ಒಳಗಿನಿಂದ ಅಮ್ಮ ಎತ್ತಿಬಿಡುತ್ತಿದ್ದಳು. ನಾನು ಹಲ್ಲು ಕಡಿಯುತ್ತಿದ್ದೆ. ಪಾರಿ ಮಾತ್ರ ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಕೂತು, ನುಡಿಗೆ ಒಂದರಂತೆ ಬೆರಳು ಮಡಿಸುತ್ತ ಕಾಯುತ್ತಿದ್ದಳು. ಹನ್ನೆರಡು ಮುಗಿದ ಮೇಲೆ ‘ಅಜ್ಜಿ, ರಟ್ಟು ಭರ್ತಿ ಆಯ್ತಾ?’ ಎಂದು ಕೇಳುತ್ತಿದ್ದಳು. ಅಮ್ಮ ಅವಳನ್ನು ದಿನಾ ಹೊಸದಾಗಿ ಯಾರ ಮಗಳೆಂದು ವಿಚಾರಿಸುತ್ತಿದ್ದಳು. ಪಾರಿ ಒಂದು ದಿನ ಚೆನ್ನಿಗನ ಮಗಳೆನ್ನುತ್ತಿದ್ದಳು, ಇನ್ನೊಂದು ದಿನ ಅಧ್ಯಕ್ಷರ ಮಗಳೆನ್ನುತ್ತಿದ್ದಳು, ಒಮ್ಮೆ ಮೀನಿನ ಮಗಳೆಂದಳು. ಅಮ್ಮ ಅದನ್ನೂ ನಂಬಿ, ಮೈ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಎಷ್ಟೋ ವರ್ಷವಾಗಿತ್ತು.

ಸ್ಪರ್ಧೆ ಹತ್ತಿರ ಬಂದಾಗ ಸಭೆ ಸೇರಿತು. ಅಲ್ಲಿಯ ಬೆಳಿಗ್ಗೆ ನಮಗೆ ಮಧ್ಯಾಹ್ನ. ಎರಡರಿಂದ ಐದು ಗಂಟೆಯ ತನಕ ದೇಶದಲ್ಲಿ ಯಾರೂ ಬಾಯಲ್ಲಿ ರಾಗ ಎತ್ತಬಾರದು ಎಂದು ತೀರ್ಮಾನವಾಯಿತು. ಕುಡಿದರೆ ಹಾಡುವ ಮಾರಣ್ಣ ತಾನಾಗಿಯೇ ಎದ್ದು ನಿಂತು ಅವತ್ತು ತನ್ನ ಬಾಯಿಗೆ ಬಾಳೆಹಣ್ಣು ತುರುಕಿ ಕೂರಿಸಿ ಎಂದ. ಆಮೇಲೆ ಎಲ್ಲರೂ ನೆಲ ನೋಡತೊಡಗಿದರು. ಯಾರ ಹೆಸರು ನಾಲಿಗೆಯ ಮೇಲಿದೆ ಎಂದು ನನಗೆ ಗೊತ್ತಾಯಿತು. ಡಾಕ್ಟರು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಒಂದೇ ಒಂದು ಸಣ್ಣ ಮಾತ್ರೆ, ನಾಲ್ಕು ಗಂಟೆ ನಿದ್ದೆ, ಏನೂ ತೊಂದರೆಯಿಲ್ಲ ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. “ನಮ್ಮಮ್ಮ ಏನ್ ಹುಚ್ಚು ನಾಯೀನಾ ಡಾಕ್ಟ್ರೇ, ಮದ್ದು ಹಾಕಿ ಮಲಗ್ಸೋಕೆ? ಅವಳ ಜವಾಬ್ದಾರಿ ನಂದು. ಅವತ್ತು ನಮ್ಮನೆಯಿಂದ ಒಂದು ಸ್ವರ ಹೊರಗೆ ಬಂದ್ರೆ ನಾನು ಈ ಕೆಲಸದಲ್ಲಿ ಇರೋದಿಲ್ಲ, ಬರ್ಕೊಳ್ಳಿ” ಎಂದೆ.

ಯಾರೂ ಬರೆದುಕೊಳ್ಳಲಿಲ್ಲ. ಬರೆಯುವವಳು ನಾನೇ ಅಲ್ಲವೇ.

ಪಾರಿ ತನ್ನ ತಾಯಿ ಲೋಲಾಕ್ಷಿಯ ಜೊತೆ ದೋಣಿ ಹತ್ತಿದಳು. ದಕ್ಕೆಯಲ್ಲಿ ಇಡೀ ದೇಶ ನಿಂತಿತ್ತು. ಹೊರಡುವಾಗ ಅವಳು ನನ್ನ ಕಿವಿಯಲ್ಲಿ, ಅಜ್ಜಿಗೆ ತಲೆ ಬಾಚುವಾಗ ಎಡಗಡೆ ಗಂಟು ಇದೆ, ಎಳೆಯಬೇಡಿ ಎಂದಳು. ಹಾಡಿನ ವಿಷಯ ಒಂದು ಮಾತೂ ಆಡಲಿಲ್ಲ.

ಆ ದಿನ ನಾನು ಮಾಡಿದ ತಯಾರಿ ಯಾವ ಮದುವೆಗೂ ಮಾಡಿರಲಿಲ್ಲ. ಅಮ್ಮನಿಗೆ ಹೊಟ್ಟೆ ತುಂಬ ಊಟ ಹಾಕಿದೆ. ಗಟ್ಟಿಯಾದ ಕೊಬ್ಬರಿ ಮಿಠಾಯಿ ಕಾಯಿಸಿಟ್ಟಿದ್ದೆ. ಅವಳಿಗಿರುವ ಐದು ಹಲ್ಲಿಗೆ ಒಂದು ತುಂಡು ಕರಗಲು ಅರ್ಧ ಗಂಟೆ ಬೇಕು. ಎಲ್ಲರೂ ಕಾರ್ಖಾನೆಯ ಅಂಗಳದಲ್ಲಿ ದೊಡ್ಡ ಟಿವಿ ಇಟ್ಟುಕೊಂಡು ಕೂತಿದ್ದರು. ನಾನು ಎರವಲು ತಂದ ಸಣ್ಣ ಟಿವಿಯನ್ನು ಮಂಚದ ಎದುರು ಇಟ್ಟುಕೊಂಡು, ಬೇರೆ ಹಾಡು ಕೇಳಿ ಅಮ್ಮನಿಗೆ ಉಮೇದು ಬರಬಾರದೆಂದು ಸದ್ದು ಪೂರಾ ಇಳಿಸಿದ್ದೆ.

ಹತ್ತೊಂಬತ್ತು ದೇಶ, ಪಾರಿಯದು ಹದಿನಾಲ್ಕನೆಯದು. ಒಂದು ದೇಶದ ಹುಡುಗ ಹಾಡಿದಾಗ ಹಿಂದೆ ಐದು ಮಕ್ಕಳು ನಿಂತು ಅವನ ಜೊತೆಯಲ್ಲೇ ಬಾಯಿ ಆಡಿಸಿದರು. ಸದ್ದಿಲ್ಲದಿದ್ದರೂ ನನಗೆ ಮೈ ಜುಮ್ಮೆಂದಿತು. ಅರ್ಜಿಯ ಆ ಪ್ರಶ್ನೆ ಆಗ ಅರ್ಥವಾಯಿತು. ಅಮ್ಮ ಮಿಠಾಯಿ ಚೀಪುತ್ತ ಆ ಮಕ್ಕಳನ್ನೆಲ್ಲ ನೋಡಿ, ಪಾಪ ಇವರಿಗೆಲ್ಲ ಊಟ ಹಾಕುವವರು ಯಾರೋ ಎಂದು ಚಿಂತೆ ಮಾಡಿದಳು.

ಹದಿಮೂರನೆಯದು ಮುಗಿಯಿತು. ತೆರೆಯ ಮೇಲೆ ನಮ್ಮ ಬಾವುಟ ಬಂತು. ಪಕ್ಕದ ಬಾಗಿಲಿನಲ್ಲಿ ನಿಂತ ಪಾರಿ ತುಟಿ ಮುಚ್ಚಿಕೊಂಡೇ ‘ಹೂಂ’ ಎಂದು ಗಂಟಲು ನೋಡಿಕೊಳ್ಳುವುದು ಕಾಣಿಸಿತು. ಸ್ವರ ಬಂದಿರಬೇಕು, ನಕ್ಕಳು. ಎಂಟು ತಿಂಗಳು ಈ ಕಿವಿಯಲ್ಲಿ ಕೇಳಿದ ಸ್ವರ ಆ ದೊಡ್ಡ ಸಭೆಯಲ್ಲಿ ಹೇಗೆ ಕೇಳುತ್ತದೋ ಎಂಬ ಆಸೆ ನನಗೆ. ಕೈ ಸುಮ್ಮನಿರಲಿಲ್ಲ, ಹೋಗಿ ಟಿವಿಯ ಸದ್ದು ಏರಿಸಿದೆ. ಅಷ್ಟೇ ನಾನು ಮಾಡಿದ್ದು. ಹೆಸರು ಕೂಗಿದ ಮೇಲೆ ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗಂಟೆ ಹೊಡೆಯುತ್ತಾರೆಂದು ಸದ್ದು ಇಳಿಸಿ ಕೂತಿದ್ದ ನನಗೆ ಹೇಗೆ ಗೊತ್ತಾಗಬೇಕು?

ಢಣ್ ಎಂದಿತು. ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಮಿಠಾಯಿಯನ್ನು ಬಾಯಿಂದ ತೆಗೆದು ಮಂಚದ ಪಟ್ಟಿಯ ಮೇಲಿಟ್ಟು, ಶುರು ಮಾಡಿಬಿಟ್ಟಳು.

ತೆರೆಯ ಮೇಲೆ ಪಾರಿ ನಡೆದುಬಂದು ನಡುವೆ ನಿಂತಳು. ಪಿಯಾನೊ ಶುರುವಾಯಿತು. ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. ಇನ್ನೊಂದು ಸಲ ‘ಹೂಂ’ ಎಂದು ನೋಡಿಕೊಂಡಳು. ಆಮೇಲೆ ನಮ್ಮೂರಿನ ಯಾವ ಮಗುವಾದರೂ ಮಾಡುವುದನ್ನೇ ಮಾಡಿದಳು. ಕೈಕಟ್ಟಿಕೊಂಡು ಕಾಯುತ್ತ ನಿಂತಳು. ಪಿಯಾನೊದವನು ನಿಲ್ಲಿಸಿ, ಮತ್ತೆ ಮೊದಲಿನಿಂದ ನುಡಿಸಿದ. ಅವಳು ಅವನ ಕಡೆ ತಿರುಗಿ ಸ್ವಲ್ಪ ತಾಳಿ ಎಂಬಂತೆ ತಲೆ ಆಡಿಸಿದಳು. ಕೆಳಗೆ ಕೂತವರು ಪಿಸುಗುಟ್ಟತೊಡಗಿದರು. ತೆರೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು.

“ಅಮ್ಮ, ನಿಲ್ಸಮ್ಮ, ದಮ್ಮಯ್ಯ ಅಂತೀನಿ” ಎಂದೆ. ಹಾಡುವಾಗ ಅವಳಿಗೆ ಯಾವ ಮಾತೂ ಕೇಳುವುದಿಲ್ಲ. ಎರಡನೆಯ ನುಡಿ, ಮೂರನೆಯ ನುಡಿ. ಬಾಯಿ ಮುಚ್ಚಿಬಿಡೋಣ ಎಂದು ಕೈ ಎತ್ತಿದೆ. ಸುಳ್ಳು ಯಾಕೆ ಹೇಳಲಿ, ಬಲವಾಗಿ ಒತ್ತಿ ಹಿಡಿಯಬೇಕೆಂದೇ ಎತ್ತಿದ್ದು. ತಿಮ್ಮೋಜಿಯ ಸ್ನಾನ, ಲಾಲಿಯಿಲ್ಲದ ಕೂಸುಗಳು, ಆ ಹುಡುಗಿಯ ಎಂಟು ತಿಂಗಳು, ಎಲ್ಲ ಕಣ್ಣ ಮುಂದೆ ಬಂತು. ಅಮ್ಮ ನನ್ನ ಎತ್ತಿದ ಕೈಯನ್ನು ನೋಡಿದಳು. ಹಾಡುತ್ತಲೇ ಅದನ್ನು ಹಿಡಿದು ತನ್ನ ತೊಡೆಯ ಮೇಲೆ ಅಗಲವಾಗಿ ಬಿಡಿಸಿಟ್ಟುಕೊಂಡಳು. ಇಲ್ಲದ ಸೂಜಿಯಿಂದ ನನ್ನ ಅಂಗೈಗೆ ಗುಂಡಿ ಹೊಲಿಯತೊಡಗಿದಳು. ನಾಲ್ಕನೆಯದು ಹೆಬ್ಬೆರಳಿನ ಬುಡದಲ್ಲಿ, ಐದನೆಯದು ಅದರ ಪಕ್ಕದಲ್ಲಿ, ಅಂತರ ತಪ್ಪದ ಹಾಗೆ. ಆ ಕೈಯನ್ನು ನಾನು ಕಿತ್ತುಕೊಳ್ಳಲಾರದೆ ಹೋದೆ. ಏನಾದರೂ ಬೈಯಿರಿ, ಆಗಲಿಲ್ಲ ನನ್ನ ಕೈಲಿ.

ಏಳನೆಯ ನುಡಿ ಅರ್ಧವಾಗಿತ್ತು. ದಾರ ಹಲ್ಲಿನಲ್ಲಿ ಕಡಿಯುವವಳ ಹಾಗೆ ಅಮ್ಮ ತಲೆ ಎತ್ತಿದಳು. ಎದುರಿಗೆ ಟಿವಿಯಲ್ಲಿ ಪಾರಿ ಕೈಕಟ್ಟಿ ನಿಂತಿದ್ದಾಳೆ. ಅಮ್ಮ ಹಾಡು ನಿಲ್ಲಿಸಿ ಅವಳನ್ನೇ ನೋಡಿದಳು.

“ಅಯ್ಯೋ ಪಾಪ, ಮಗು ಕಾಯ್ತಾ ನಿಂತಿದೆ ನೋಡಿ” ಎಂದಳು. “ಯಾರೋ ಹಾಡ್ತಿದಾರೆ ಅಂತ ಕಾಣುತ್ತೆ. ನೀವಾದ್ರೂ ಹೋಗಿ ಸ್ವಲ್ಪ ನಿಲ್ಸೋಕೆ ಹೇಳಬಾರ್ದಾ? ಎಷ್ಟೊತ್ತು ನಿಂತ್ಕೊಳ್ಳುತ್ತೆ ಅದು.”

ಹೇಳಿ ಬಂದೆ ಅಮ್ಮ, ಇನ್ನು ಯಾರೂ ಹಾಡುವುದಿಲ್ಲ ಎಂದು ಅವಳ ಬಾಯಿಗೆ ಮಿಠಾಯಿ ವಾಪಸು ಇಟ್ಟೆ. ಕೊನೆಯಲ್ಲಿ ಮತ್ತೆ ಆ ಹಾಳು ಗಂಟೆ ಹೊಡೆದರೆ ಗತಿಯೇನು ಎಂದು ಓಡಿಹೋಗಿ ಸದ್ದನ್ನು ಪೂರಾ ಇಳಿಸಿದೆ. ಹಾಗಾಗಿ ಪಾರಿ ಹಾಡಿದ್ದನ್ನು ನಾನು ನೋಡಿದೆನೇ ಹೊರತು ಕೇಳಲಿಲ್ಲ. ನಿಂತಲ್ಲೇ ಅವಳ ಮುಖ ಒಮ್ಮೆ ಬಿಳಿಚಿಕೊಂಡಿತು, ಕಟ್ಟಿದ ಕೈ ಬಿಚ್ಚಿ ಕೆಳಗೆ ಬಿತ್ತು. ಆಮೇಲೆ ಬಾಯಿ ತೆರೆದಳು. ಉಳಿದಿದ್ದ ಒಂದು ನಿಮಿಷ ಚಿಲ್ಲರೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಹಾಡಿದಳು. ಹಾಡು ಮುಗಿಯುವ ಮೊದಲೇ ಹೊತ್ತು ಮುಗಿಯಿತೆಂದು ಕಾಣುತ್ತದೆ, ಯಾರೋ ಬಂದು ಅವಳ ಭುಜ ಹಿಡಿದು ಕರೆದುಕೊಂಡು ಹೋದರು. ಹೋಗುವಾಗ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹತ್ತೊಂಬತ್ತು ದೇಶಗಳಲ್ಲಿ ನಮ್ಮದು ಹದಿನೆಂಟನೆಯದಾಯಿತು. ಹತ್ತೊಂಬತ್ತನೆಯ ದೇಶದ ಮಗು ಜನರನ್ನು ನೋಡಿ ಹೆದರಿ ವೇದಿಕೆಯಿಂದಲೇ ಓಡಿಹೋಗಿತ್ತು.

ಹಾಡಿದ್ದು ಯಾರೆಂದು ಊರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವತ್ತು ಸಂಜೆಯಿಂದ ಯಾರಾದರೂ ಬಂದು ಜಗಳವಾಡುತ್ತಾರೆ, ನಾನೂ ಎರಡು ಮಾತು ಕೊಟ್ಟು ಹಗುರವಾಗುತ್ತೇನೆ ಎಂದು ಕಾದೆ. ಒಬ್ಬರೂ ಬರಲಿಲ್ಲ. ಬಂದವರು ಸರದಿ ಬರೆಸಿಕೊಂಡು, ಸಾವಂತ್ರಮ್ಮ ಹೇಗಿದ್ದಾರೆ ಎಂದು ಕೇಳಿ, ಮಳೆ ಬರಬಹುದೇನೋ ಎಂದು ಮಾತಾಡಿ ಹೋದರು. ಪಕ್ಕದ ಮನೆಯವರು ಎಂದಿನಂತೆ ಪಾಯಸ ತಂದುಕೊಟ್ಟರು. ಡಾಕ್ಟರು ದಾರಿಯಲ್ಲಿ ಸಿಕ್ಕಿ ನಮಸ್ಕಾರ ಎಂದರು. ಅವರ ಆ ಒಳ್ಳೆಯತನ ನನಗೆ ಬೆಂಕಿಯ ಹಾಗೆ ಸುಟ್ಟಿತು. ಐದು ದಿನ ಸರಿಯಾಗಿ ಅನ್ನ ಇಳಿಯಲಿಲ್ಲ. ಪಾರಿ ಬಂದು, ಯಾಕೆ ಹೀಗೆ ಮಾಡಿದಿರಿ ಅತ್ತೆ ಎಂದರೆ ಏನು ಹೇಳಲಿ? ಟಿವಿಯ ಸದ್ದು ಏರಿಸಿದವಳು ನಾನು. ಕೈ ಎತ್ತಿಯೂ ಬಾಯಿ ಮುಚ್ಚದೆ ಹೋದವಳೂ ನಾನೇ. ಕೆಲಸ ಬಿಡುತ್ತೇನೆಂದು ಚೀಟಿ ಬರೆದು ಸರದಿ ಪುಸ್ತಕದ ಮೇಲಿಟ್ಟೆ.

ಆರನೆಯ ದಿನ ದೋಣಿ ಬಂತು. ಹದಿನೆಂಟನೆಯವಳಾದರೇನು, ನಮ್ಮವರಿಗೆ ಅದೇ ಹೆಚ್ಚು, ಹಾರ ತುರಾಯಿ ಹಿಡಿದು ಎಲ್ಲರೂ ದಕ್ಕೆಗೆ ಹೋದರು. ಸ್ವಾಗತ ಗೀತೆಗೆಂದು ಶಾಲೆಯ ಒಂದು ಮಗುವಿಗೆ ನಾನೇ ಸರದಿ ಬರೆದುಕೊಟ್ಟಿದ್ದೆ. ನಾನು ಹೋಗಲಿಲ್ಲ. ಅಮ್ಮನಿಗೆ ತಲೆ ಬಾಚುತ್ತ ಕೂತಿದ್ದೆ.

ಬೀದಿಯಲ್ಲಿ ಯಾರೋ ಓಡಿ ಬರುವ ಸದ್ದು ಕೇಳಿಸಿತು. ಬಾಗಿಲು ದಡಾರನೆ ತೆರೆಯಿತು. ಪಾರಿ. ಕಾಲಲ್ಲಿ ಒಂದೇ ಚಪ್ಪಲಿ, ಇನ್ನೊಂದು ಎಲ್ಲಿ ಬಿತ್ತೋ. ಹಾರ ಹಾಕಲು ಬಂದವರನ್ನೆಲ್ಲ ತಳ್ಳಿಕೊಂಡು ದಕ್ಕೆಯಿಂದ ಒಂದೇ ಉಸಿರಿಗೆ ಓಡಿ ಬಂದಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದಳು. ಉಸಿರು ತಗುಲಿದ್ದೇ ತಡ, ಅಮ್ಮನ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನನಗೆ ತಲೆಬುಡ ತಿಳಿಯಲಿಲ್ಲ. ಏನಾಯಿತು ಮಗು, ಏನಾಯಿತು ಎಂದು ಬೆನ್ನು ಸವರಿದೆ. ಅವಳ ಮಾತು ತುಂಡು ತುಂಡಾಗಿ ಬಂತು.

“ಏಳನೇ ಗುಂಡಿಗೆ ನಿಂತ್ಹೋಯ್ತು ಅತ್ತೆ. ನಾನು ಬೆರಳು ಮಡಿಸ್ಕೊಂಡು ಎಣಿಸ್ತಾನೇ ಇದ್ದೆ. ಏಳು ಇನ್ನೂ ಪೂರ್ತಿ ಆಗಿರ್ಲಿಲ್ಲ, ನನ್ ಸ್ವರ ವಾಪಸ್ ಬಂದ್ಬಿಡ್ತು. ಅಜ್ಜಿ ಯಾವತ್ತಾದ್ರೂ ಅರ್ಧ ರಟ್ಟು ಬಿಟ್ಟಿದಾರಾ? ನಾನು... ಅಜ್ಜಿ ಹೋಗ್ಬಿಟ್ರು ಅಂದ್ಕೊಂಡೆ.”

ಅಲ್ಲಿಂದಲೇ ಅಧ್ಯಕ್ಷರಿಗೆ ಫೋನ್ ಮಾಡಿಸಿ ಊರಿನಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ಕೇಳಿದ್ದಳಂತೆ. ಎಲ್ಲರೂ ಚೆನ್ನಾಗಿದ್ದಾರೆ, ನೀನು ಯೋಚನೆ ಮಾಡಬೇಡ ಎಂದರಂತೆ ಅವರು. ದೊಡ್ಡವರು ಮಕ್ಕಳಿಗೆ ಹಾಗೆಯೇ ಹೇಳುವುದು ಎಂದು ಅವಳು ನಂಬಲಿಲ್ಲ. ತಾಯಿ ಎಷ್ಟು ಸಮಾಧಾನ ಮಾಡಿದರೂ ನಂಬಲಿಲ್ಲ. ದಾರಿಯಲ್ಲಿ ಗಂಟಲು ಕಟ್ಟಿದಾಗಲೂ ಹಾಡುತ್ತಿರುವುದು ಬೇರೆ ಯಾರೋ ಎಂದುಕೊಂಡಳಂತೆ. ಐದು ದಿನ ಆ ಹತ್ತು ವರ್ಷದ ಕೂಸು, ಸತ್ತುಹೋದಳೆಂದುಕೊಂಡ ನಮ್ಮಮ್ಮನನ್ನು ಎದೆಯಲ್ಲಿಟ್ಟುಕೊಂಡು ಸಮುದ್ರ ದಾಟಿತ್ತು. ನಾನು ಇಲ್ಲಿ ಕೂತು, ಅವಳು ಬಂದು ಬೈಯುತ್ತಾಳೆಂದು ನನ್ನ ಮರ್ಯಾದೆಯ ಚಿಂತೆ ಮಾಡುತ್ತಿದ್ದೆ.

ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಸದ್ದು ಏರಿಸಿದ್ದು, ಗಂಟೆ, ಎತ್ತಿದ ಕೈ, ಎಲ್ಲ. ನಿನ್ನ ಮೂರು ನಿಮಿಷ ಹಾಳುಮಾಡಿದವಳು ನಾನು ಕಣೇ, ಅಷ್ಟು ಜನರ ಎದುರು ನಿನ್ನನ್ನು ಹಾಗೆ ನಿಲ್ಲಿಸಿಬಿಟ್ಟೆ, ನನ್ನ ಮೇಲೆ ಕೋಪ ಮಾಡಿಕೋ ಎಂದೆ.

ಪಾರಿ ಅಂಗೈಯಲ್ಲಿ ಮೂಗು ಒರೆಸಿಕೊಂಡಳು.

“ನಿಂತಿದ್ದಾಗ ಚೆನ್ನಾಗೇ ಇತ್ತು ಅತ್ತೆ. ಬಾಗಿಲಿಂದ ಒಳಗೆ ಬರೋವಾಗ ನಂಗೆ ಕಾಲು ನಡುಗ್ತಿತ್ತು. ಎಲ್ರೂ ಪರದೇಶದವ್ರು, ಒಂದ್ ಮುಖಾನೂ ಗೊತ್ತಿಲ್ಲ. ಬಾಯಿ ತೆಗೆದ್ರೆ ಗಂಟಲು ಕಟ್ಟಿತ್ತು. ಓ, ಅಜ್ಜಿ ಹಾಡ್ತಿದಾರೆ, ಮಂಚದ ಮೇಲೆ ಕೂತಿದಾರೆ ಅಂತ ಗೊತ್ತಾಯ್ತು. ಆಮೇಲೆ ಹೆದರಿಕೇನೇ ಆಗ್ಲಿಲ್ಲ. ಸ್ವರ ವಾಪಸ್ ಬಂತಲ್ಲ, ಆಗ್ಲೇ ಹೆದರಿಕೆ ಆಗಿದ್ದು.”

ಇಪ್ಪತ್ತಾರು ವರ್ಷ ಸರದಿ ಬರೆದಿದ್ದೇನೆ. ಗಂಟಲು ಕಟ್ಟಿತು ಎಂದು ದೂರು ತಂದವರನ್ನು ಸಾವಿರ ಮಂದಿ ನೋಡಿದ್ದೇನೆ. ಹೀಗೆ ಹೇಳಿದವರನ್ನು ನೋಡಿರಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಷ್ಟರಲ್ಲಿ ಅಧ್ಯಕ್ಷರು, ಲೋಲಾಕ್ಷಿ, ಹಾರ ಹಿಡಿದವರು, ಬಾಜಾ ಬಜಂತ್ರಿಯವರು ಎಲ್ಲರೂ ನಮ್ಮ ಬೀದಿಗೆ ಬಂದಿದ್ದರು. ಬಾಗಿಲ ಹೊರಗೆ ಸ್ವಾಗತ ಗೀತೆಯ ಮಗುವನ್ನು ಮುಂದೆ ತಂದು ನಿಲ್ಲಿಸಿದರು. ಒಳಗೆ ಅಮ್ಮ ತನ್ನ ತೊಡೆಯ ಮೇಲಿದ್ದ ತಲೆಯನ್ನು ನೋಡಿ ಯಾರ ಮಗುವೋ ಇದು ಎಂದು ಸವರಿದಳು. ಅವಳ ಪುಟ್ಟ ಕೈಯನ್ನು ತೆಗೆದುಕೊಂಡು ಬಿಡಿಸಿಟ್ಟುಕೊಂಡು ಹಾಡಲು ಶುರು ಮಾಡಿದಳು, ಮೊದಲನೆಯ ಗುಂಡಿಯಿಂದ. ಹೊರಗಿನ ಮಗು ಬಾಯಿ ತೆರೆದು, ಮುಚ್ಚಿ, ಕೈಕಟ್ಟಿಕೊಂಡಿತು. ಬಾಜಾದವರು ಕೋಲು ಕೆಳಗಿಟ್ಟರು.

ಪಾರಿ ತಲೆ ಎತ್ತಿದಳು. ಇನ್ನೂ ಅಳು ಪೂರ್ತಿ ನಿಂತಿರಲಿಲ್ಲ. ತುಟಿ ಮುಚ್ಚಿಕೊಂಡು ‘ಹೂಂ’ ಎಂದು ನೋಡಿಕೊಂಡಳು. ಇನ್ನೊಂದು ಸಲ, ಜೋರಾಗಿ ನೋಡಿಕೊಂಡಳು. “ಬರ್ತಾ ಇಲ್ಲ ಅತ್ತೆ” ಎಂದು ನನ್ನ ಕಡೆ ತಿರುಗಿ, ಆ ದೊಡ್ಡ ಹಲ್ಲುಗಳನ್ನೆಲ್ಲ ಬಿಟ್ಟು ನಕ್ಕಳು.